ಆಜ್ರೋ ಮೇಷ್ಟ್ರು ಕೈಕಟ್ಟಿ ನಿಂತ ಶುಕ್ರವಾರ

ಸೈತಾನ ಒಳ್ಳೆಯವರನ್ನು ಹಿಡಿಯುವುದು ಹೆಚ್ಚಾಗಿ ಊಟದ ಹೊತ್ತಿನಲ್ಲಿ. ಹೊಟ್ಟೆ ತುಂಬಿರುತ್ತದೆ, ಎದುರಿಗೆ ಕೂತವರು ಹೌದೌದು ಎಂದು ತಲೆದೂಗುತ್ತಿರುತ್ತಾರೆ, ಒಲೆಯ ಕಾವು ಬೆನ್ನಿಗೆ ಹಿತವಾಗಿ ತಾಗುತ್ತಿರುತ್ತದೆ. ಆ ಗಳಿಗೆಯಲ್ಲಿ ನಾಲಗೆಗೆ ಯಜಮಾನನ ಅಪ್ಪಣೆ ಬೇಕೆನಿಸುವುದಿಲ್ಲ. ವರ್ಮಾಂಟ್ ಗುಡ್ಡಗಳ ಹ್ಯಾಸ್ಕೆಲ್ ಕಣಿವೆಯ ಶಾಲಾ ಮೇಷ್ಟ್ರು ಆಜ್ರೋ ಪೆಟಿಂಗಿಲ್ ಸಿಕ್ಕಿಬಿದ್ದದ್ದು ಹೀಗೆಯೇ. ಅದೂ ದೇವರ ಪೀಠದ ನೇರ ಕೆಳಗೆ, ಚರ್ಚಿನ ನೆಲಮಾಳಿಗೆಯ ಶನಿವಾರದ ಊಟದಲ್ಲಿ, ಜೋನಿಬೆಲ್ಲ ಹಾಕಿ ಬೇಯಿಸಿದ ಬೀನ್ಸ್ ಕಾಳನ್ನು ಎರಡನೆಯ ಸಲ ಬಡಿಸಿಕೊಂಡ ಮೇಲೆ.

ಎದುರಿಗೆ ಕೂತಿದ್ದವರು ಮಿಸ್ ಥೇಯರ್. ಸುತ್ತಿನ ಹತ್ತೂರ ಶಾಲೆಗಳಿಗೆ ಹೊಸದಾಗಿ ಬಂದ ಮೇಲ್ವಿಚಾರಕಿ. ಬೆನ್ನು ನೆಟ್ಟಗೆ, ಕನ್ನಡಕ ನೆಟ್ಟಗೆ, ಮಾತೂ ನೆಟ್ಟಗೆ.

"ಮಗು ಕೇಳಿ ಕಲಿಯೋದಲ್ಲ, ಮಾಡಿ ಕಲಿಯೋದು," ಎಂದರು ಆಕೆ. "ಈ ಗುಡ್ಡಗಾಡಿನ ಶಾಲೆಗಳಲ್ಲಿ ಇನ್ನೂ ಮೇಷ್ಟ್ರು ಕೂಗೋದು, ಮಕ್ಕಳು ತಿರುಗಿ ಕೂಗೋದು. ಇಂಥ ಶಾಲೆಗಳನ್ನ ಮುಚ್ಚಿ, ಮಕ್ಕಳನ್ನ ಪೇಟೆ ಶಾಲೆಗೆ ಕಳಿಸೋದೇ ಒಳ್ಳೇದು ಅನ್ಸುತ್ತೆ ನಂಗೆ."

ಮೇಷ್ಟ್ರು ಲೆಕ್ಕ ಹಾಕಿದರು. ಶಾಲೆ ಮುಚ್ಚಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ, ಶಾಲೆಗೆ ಅಂಟಿಕೊಂಡ ಮೇಷ್ಟ್ರ ಮನೆಯೂ ಹೋಗುತ್ತದೆ. ಐವತ್ತು ದಾಟಿದ ಮನುಷ್ಯ, ಪಾಠ ಹೇಳುವುದನ್ನು ಬಿಟ್ಟು ಬೇರೆ ಕಸುಬು ಬಾರದು. ಪಾಠ ಹೇಳುವುದೂ ಬಾರದು ಎನ್ನುವವರು ಊರಲ್ಲಿ ಕೆಲವರಿದ್ದರು.

"ಅದನ್ನ ನಾವು ಯಾವಾಗ್ಲೋ ಶುರು ಮಾಡಿದ್ದೀವಿ ಮೇಡಂ," ಎಂದಿತು ಅವರ ನಾಲಗೆ.

ಪಕ್ಕದಲ್ಲಿದ್ದ ಹೆಂಡತಿ ಲವೈನಾಳ ಚಮಚ ಗಾಳಿಯಲ್ಲೇ ನಿಂತಿತು.

"ನಮ್ಮ ಶಾಲೇಲಿ ಪಾಠ ಬೇರೆ, ಬದುಕು ಬೇರೆ ಅಂತಿಲ್ಲ. ಎರಡೂ ಒಂದೇ. ಮಕ್ಕಳು ಮಾಡ್ತಾವೆ, ಕಲೀತಾವೆ. ನಾನು ಕೈಕಟ್ಟಿ ಪಕ್ಕಕ್ಕೆ ನಿಂತಿರ್ತೀನಿ." ಇಷ್ಟು ಹೇಳಿ, ಸಾಲದೆಂಬಂತೆ ದನಿ ಎತ್ತರಿಸಿ ಸುತ್ತಲಿನವರಿಗೂ ಹೇಳಿದರು: "ಬೇಕಾದ್ರೆ ಊರೋರನ್ನ ಕೇಳಿ."

ಊರವರು ಬೀನ್ಸ್ ತಿನ್ನುತ್ತಿದ್ದರು. ಬಾಯಿ ತುಂಬಿದ್ದವರನ್ನು ಸಾಕ್ಷಿಗೆ ಕರೆಯುವುದು ಸುಲಭ.

"ಹಾಗಾದ್ರೆ ನಾನು ನೋಡ್ಲೇಬೇಕು," ಎಂದರು ಮಿಸ್ ಥೇಯರ್. "ಮುಂದಿನ ವಾರ ಬಿಟ್ಟು ಅದರ ಮುಂದಿನ ಶುಕ್ರವಾರ ಬರ್ತೀನಿ. ನೋಡಿದ ಮೇಲೆ ನಿಮ್ಮ ಶಾಲೆ ವಿಚಾರ ತೀರ್ಮಾನ ಮಾಡ್ತೀನಿ."

ಮನೆಗೆ ಹೋಗುವ ದಾರಿಯಲ್ಲಿ ಹಿಮ ಬೂಟಿನಡಿ ಮುರಿಯುತ್ತಿತ್ತು. ಸೇತುವೆ ದಾಟಿದ ಮೇಲೆ ಲವೈನಾ ಬಾಯಿ ಬಿಟ್ಟಳು.

"ಆಜ್ರೋ, ನಿನ್ನ ಮಕ್ಕಳು ಈ ವರ್ಷ ಏನು ಮಾಡಿ ಕಲಿತ್ವು?"

"ಕಟ್ಟಿಗೆ ತಂದು ಒಲೆಗೆ ಹಾಕ್ತಾವಲ್ಲ."

"ಅದು ಚಳಿಗೆ."

"ನಾನು ಬೇಸಿಗೇಲಿ ಹೊಸ ಶಿಕ್ಷಣದ ತರಬೇತಿಗೆ ಹೋಗಿರ್ಲಿಲ್ವಾ?"

"ಹೋಗಿದ್ದೆ. ದವಡೆ ಹಲ್ಲು ಊದಿಸ್ಕೊಂಡು ಬಂದೆ."

ಅದು ನಿಜ. ಆ ತರಬೇತಿಯುದ್ದಕ್ಕೂ ಮೇಷ್ಟ್ರು ಕೆನ್ನೆಗೆ ಬಿಸಿ ಉಪ್ಪಿನ ಗಂಟು ಒತ್ತಿಕೊಂಡು ಕೂತಿದ್ದರು. ಹಲ್ಲು ಕಿತ್ತ ದಿನ ಮಧ್ಯಾಹ್ನವಷ್ಟೇ ಕಿವಿ ತೆರೆದಿತ್ತು, ಆಗ ಕೇಳಿಸಿದ್ದು ಒಂದೇ ಮಾತು: ಮಕ್ಕಳು ಮಾಡುವಾಗ ಮೇಷ್ಟ್ರು ಅಡ್ಡ ಬರಕೂಡದು. ಒಂದು ಇಡೀ ಶಾಸ್ತ್ರದಲ್ಲಿ ಒಂದು ವಾಕ್ಯವನ್ನು ಮಾತ್ರ ಬಲ್ಲವನು ಆ ವಾಕ್ಯವನ್ನು ಬಹಳ ಬಿಗಿಯಾಗಿ ಹಿಡಿಯುತ್ತಾನೆ. ಅವರೂ ಹಿಡಿದರು.

ಸೋಮವಾರ ಬೆಳಿಗ್ಗೆ ಮೇಷ್ಟ್ರು ಪುಸ್ತಕಗಳನ್ನು ಮುಚ್ಚಿಸಿ, ಗೋಡೆಗೆ ಒರಗಿ, ಕೈಕಟ್ಟಿ ನಿಂತು ಕೇಳಿದರು: "ಮಕ್ಕಳೇ, ನಿಮಗೆ ಏನು ಮಾಡಿ ಕಲೀಬೇಕು ಅಂತ ಆಸೆ?"

ಇದರಲ್ಲಿ ಏನೋ ಮೋಸವಿದೆ ಎಂದು ಎಲ್ಲರಿಗೂ ತಿಳಿಯಿತು.

"ಅದು ಯಾವ ಪುಟದಲ್ಲಿದೆ ಮೇಷ್ಟ್ರೇ?" ಎಂದು ಕೇಳಿದ ಮುಂದಿನ ಬೆಂಚಿನ ಆರಿ. ಅವನಿಗೆ ಆರು ವರ್ಷ.

"ಪುಟ ಇಲ್ಲ ಕಣೋ. ನಿಮ್ಮ ಮನಸ್ಸಲ್ಲಿರೋದು."

ಮನಸ್ಸಲ್ಲಿರುವುದು ಹೊರಬರತೊಡಗಿತು. ಹಂದಿ ಕೊಯ್ಯೋಣ ಎಂದಿತು ಒಂದು. ಚರ್ಚಿನ ಗೋಪುರ ಹತ್ತಿ ಗಂಟೆ ಹೊಡೆಯೋಣ ಎಂದಿತು ಇನ್ನೊಂದು. ಕೆರೆಯ ಮಂಜುಗಡ್ಡೆ ಎಲ್ಲಿ ಒಡೆಯುತ್ತದೆ ಎಂದು ನಡೆದು ನೋಡೋಣ ಎಂದಿತು ಮತ್ತೊಂದು. ಅಡ್ಡ ಬರಕೂಡದೆಂಬ ವಾಕ್ಯವನ್ನು ಹಲ್ಲು ಕಚ್ಚಿ ಹಿಡಿದುಕೊಂಡ ಮೇಷ್ಟ್ರ ಹಣೆಯಲ್ಲಿ ಫೆಬ್ರವರಿಯ ಚಳಿಯಲ್ಲೂ ಬೆವರೊಡೆಯಿತು.

ಆಗ ಥರ್ಜಾ ಎದ್ದಳು. ಹನ್ನೊಂದರ ಹುಡುಗಿ, ಎರಡು ಬಿಗಿ ಜಡೆ. ಅವಳ ತಾತ ಲೈಮನ್ ಕೋಲ್ಬರ್ನ್ ಊರ ಸಭೆಯ ಅಧ್ಯಕ್ಷ. ಮರದ ಸುತ್ತಿಗೆ ಹಿಡಿದು ಎಷ್ಟೋ ವರ್ಷದಿಂದ ಊರನ್ನು ಸುಮ್ಮನಿರಿಸುತ್ತ ಬಂದವನು.

"ಊರ ಸಭೆ ಮಾಡೋಣ ಮೇಷ್ಟ್ರೇ," ಎಂದಳು. "ದೊಡ್ಡೋರು ಮಾರ್ಚ್ ಮೊದಲನೇ ಮಂಗಳವಾರ ಮಾಡ್ತಾರಲ್ಲ, ಹಾಗೇ. ಗೊತ್ತುವಳಿ, ಚರ್ಚೆ, ಓಟು, ಆಮೇಲೆ ಕಡುಬು."

ಕತ್ತಿ ಇಲ್ಲ, ಬೆಂಕಿ ಇಲ್ಲ, ಮಂಜುಗಡ್ಡೆ ಇಲ್ಲ. ಮೇಷ್ಟ್ರು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದರು. "ಶುಕ್ರವಾರ ಮೇಲ್ವಿಚಾರಕಿ ಬರೋ ದಿನ ಮಾಡಿ. ಎಲ್ಲಾ ನೀವೇ ಮಾಡಿ. ನಾನು ಅಡ್ಡ ಬರಲ್ಲ."

"ನೋಟೀಸೂ ನಾವೇ ಬರೀಬೇಕಾ?"

"ಅದೂ ನೀವೇ."

ಮಕ್ಕಳು ಬರೆದರು. ಮೇಷ್ಟ್ರು ಓದಲಿಲ್ಲ. ಓದಿದರೆ ತಿದ್ದಬೇಕೆನಿಸುತ್ತದೆ, ತಿದ್ದಿದರೆ ಅಡ್ಡ ಬಂದಂತಾಗುತ್ತದೆ.

ವಾರದ ಕೊನೆಗೆ ಸೀಮೆಎಣ್ಣೆ ತರಲು ಈಬನ್ ಬ್ಯಾಸ್ಕಮ್‌ನ ಅಂಗಡಿಗೆ ಹೋದಾಗ, ಬಾಗಿಲ ಮೇಲೆ, ಹರಾಜು ಮತ್ತು ಕಳೆದುಹೋದ ಹಸುವಿನ ಚೀಟಿಗಳ ನಡುವೆ, ಥರ್ಜಾಳ ದುಂಡು ಅಕ್ಷರ ಕಂಡಿತು. ಹ್ಯಾಸ್ಕೆಲ್ ಕಣಿವೆಯ ಶಾಲೆಗೆ ಸೇರಿದ ಸಮಸ್ತರೂ ಶುಕ್ರವಾರ ಬೆಳಿಗ್ಗೆ ಶಾಲೆಯಲ್ಲಿ ಸೇರಿ ಈ ಕೆಳಗಿನ ವಿಷಯಗಳನ್ನು ತೀರ್ಮಾನಿಸಬೇಕಾಗಿ ಈ ಮೂಲಕ ತಿಳಿಯಪಡಿಸಲಾಗಿದೆ. ಮೊದಲು, ಅಧ್ಯಕ್ಷರ ಆಯ್ಕೆ. ಆಮೇಲೆ, ಹಿಮ ಕರಗಿದ ಮೇಲೆ ಯಾವ ದಿಬ್ಬದ ರಸ್ತೆ ಮೊದಲು ಸರಿಮಾಡಬೇಕೆಂಬುದು. ಆಮೇಲೆ, ಮಧ್ಯಾಹ್ನಕ್ಕೆ ಮುಂಚೆ ಲೆಕ್ಕ ಇರಬೇಕೇ ಎಂಬುದು. ಕೊನೆಯದು: ಆಜ್ರೋ ಪೆಟಿಂಗಿಲ್‌ರನ್ನು ಶಾಲಾ ಮೇಷ್ಟ್ರಾಗಿ ಮುಂದುವರಿಸಬೇಕೇ ಎಂದು ಓಟು ಹಾಕುವುದು.

ಮೇಷ್ಟ್ರು ಅದನ್ನು ಮತ್ತೆ ಓದಿದರು. ಅರ್ಥ ಬದಲಾಗಲಿಲ್ಲ.

"ಮಕ್ಕಳು ಹೋದ ವರ್ಷದ ಊರ ಸಭೆ ನೋಟೀಸು ನೋಡಿ ಇಳಿಸಿದಾರೆ," ಎಂದರು ಒಳಗೆ ಬಂದು, ನಗಲು ಪ್ರಯತ್ನಿಸುತ್ತ. "ಇದು ಬರೀ ಪಾಠ ಈಬನ್. ಯಾರೂ ಬರೋ ಅಗತ್ಯ ಇಲ್ಲ."

ಬ್ಯಾಸ್ಕಮ್ ಉದ್ದನೆಯ ಮುಖದ ಮನುಷ್ಯ. ಅವನು ಊರ ಸಭೆಯಲ್ಲಿ ಒಪ್ಪಿಗೆ ಎಂದು ಕೂಗಿದ್ದನ್ನು ಕೇಳಿದವರು ಕಡಿಮೆ. ಮರದ ಪೀಪಾಯಿಯಿಂದ ಎಣ್ಣೆ ಸುರಿಯುತ್ತಲೇ ಕೇಳಿದ: "ಪಾಠವೋ, ಬದುಕೋ?"

"ಪಾಠ."

"ಚರ್ಚಿನ ಊಟದಲ್ಲಿ ಬೇರೆ ಥರ ಹೇಳಿದ್ರಿ ಮೇಷ್ಟ್ರೇ. ಎರಡೂ ಒಂದೇ ಅಂದ್ರಿ. ನಾನು ಬೀನ್ಸ್ ತಿನ್ತಿದ್ದೆ, ಆದ್ರೆ ಕಿವಿ ತೆರೆದಿತ್ತು."

ಮೇಷ್ಟ್ರು ಒಲೆಯ ಬಳಿ ಕೂತಿದ್ದ ಲೈಮನ್ ಕೋಲ್ಬರ್ನ್ ಕಡೆ ತಿರುಗಿದರು. "ಲೈಮನ್ ತಾತ, ನೀವಾದ್ರೂ ಹೇಳಿ. ಇದು ನಿಜವಾದ ಸಭೆ ಅಲ್ಲ."

ಲೈಮನ್ ಪೈಪು ತೆಗೆದ. ಅವನು ಪೈಪು ತೆಗೆದರೆ ಅಂಗಡಿಯಲ್ಲಿ ಮಾತು ನಿಲ್ಲುತ್ತಿತ್ತು. "ನೋಟೀಸು ಮೂರು ಕಡೆ ಅಂಟಿದೆ. ಇಲ್ಲಿ, ಚರ್ಚಲ್ಲಿ, ಹಾಲಿನ ಡೈರೀಲಿ. ವಾಯಿದೆ ಸರಿಯಾಗಿದೆ. ವಿಷಯ ಸ್ಪಷ್ಟವಾಗಿದೆ. ಮೊಮ್ಮಗಳು ಕೇಳಿದ್ಲು ಅಂತ ಸುತ್ತಿಗೆ ಕೊಟ್ಟಿದ್ದೀನಿ. ಸುತ್ತಿಗೆ ಬಿದ್ದ ಮೇಲೆ ಅದು ಸಭೆ."

"ಆದ್ರೆ ಅವು ಮಕ್ಕಳು ತಾತ."

"ನಾನೂ ಹಾಗೇ ಶುರು ಮಾಡಿದ್ದು," ಎಂದು ಲೈಮನ್ ಪೈಪನ್ನು ಬಾಯಿಗೆ ಹಾಕಿಕೊಂಡ. ಆ ವಿಷಯ ಅಲ್ಲಿಗೆ ಮುಗಿಯಿತು.

ಇದನ್ನು ಹೊರಗಿನವರು ಸುಲಭವಾಗಿ ನಂಬುವುದಿಲ್ಲ. ವರ್ಮಾಂಟಿನ ಈ ಗುಡ್ಡಗಳಲ್ಲಿ ಜನ ಪಾದ್ರಿಯ ಮಾತನ್ನು ಚರ್ಚಿಸುತ್ತಾರೆ, ವೈದ್ಯನ ಮಾತನ್ನು ಅನುಮಾನಿಸುತ್ತಾರೆ, ರಾಜಧಾನಿಯ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಆದರೆ ಸರಿಯಾಗಿ ಕರೆದ ಸಭೆಯಲ್ಲಿ, ಸರಿಯಾಗಿ ಎತ್ತಿದ ಕೈಗಳ ಲೆಕ್ಕಕ್ಕೆ ಮಾತ್ರ ತಲೆಬಾಗುತ್ತಾರೆ. ದೇವರು ಸಹ ಹತ್ತು ಆಜ್ಞೆಗಳನ್ನು ನೋಟೀಸು ಅಂಟಿಸಿ, ಓಟಿಗೆ ಹಾಕಿ ಕೊಟ್ಟಿದ್ದರೆ ಇಲ್ಲಿ ಇನ್ನಷ್ಟು ಚೆನ್ನಾಗಿ ನಡೆಯುತ್ತಿದ್ದವು ಎಂದು, ಇದೇ ಶಾಲೆಯಲ್ಲಿ ಓದಿದ್ದ ಪೀಸ್ಲಿ ಅಜ್ಜಿ ಹೇಳುತ್ತಿದ್ದುದುಂಟು.

ಆ ರಾತ್ರಿ ಊಟಕ್ಕೆ ಕೂತಾಗ ಮೇಷ್ಟ್ರು ರೊಟ್ಟಿಯನ್ನು ಮುರಿದು ಮುರಿದು ತಟ್ಟೆಯಲ್ಲಿ ಗುಡ್ಡೆ ಮಾಡಿದರು.

"ಆ ಕೊನೇ ವಿಷಯ ತೆಗೆದುಹಾಕಿ ಅಂತ ಮಕ್ಕಳಿಗೆ ಹೇಳು," ಎಂದಳು ಲವೈನಾ.

"ಹೇಳಿದ್ರೆ ಅಡ್ಡ ಬಂದ ಹಾಗಾಗುತ್ತೆ. ಥೇಯರ್‌ಗೆ ಗೊತ್ತಾದ್ರೆ ಶಾಲೆ ಹೋಯ್ತು."

"ಹೇಳದಿದ್ರೆ?"

"ಊರು ಬೇಡ ಅಂದ್ರೆ ನಾನು ಹೋದೆ."

ಲವೈನಾ ಸೇಬಿನ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಹಾಗಾದ್ರೆ ತಟ್ಟೆಯಗಲದ ಸೇಬಿನ ಕಡುಬು ನಾಲ್ಕು ಜಾಸ್ತಿ ಮಾಡ್ತೀನಿ. ಹೊಟ್ಟೆ ತುಂಬಿದ ಜನ ಮೆತ್ತಗಿರ್ತಾರೆ."

ಶುಕ್ರವಾರ ಬಂತು. ಊರೂ ಬಂತು. ಹಿಮ ಅರ್ಧ ಕರಗಿ ರಸ್ತೆ ಗಂಜಿಯಾಗಿತ್ತು. ಆದರೂ ಜಾರುಬಂಡಿಯಲ್ಲಿ ಕೆಲವರು, ಮೊಣಕಾಲುದ್ದದ ಬೂಟಿನಲ್ಲಿ ಕೆಲವರು ಬಂದರು. ಹೆಂಗಸರ ಕೈಯಲ್ಲಿ ಬಟ್ಟೆ ಮುಚ್ಚಿದ ಪಾತ್ರೆಗಳು. ದೊಡ್ಡ ದೊಡ್ಡ ಮೈಯವರು ತಾವು ಹಿಂದೆ ಕೂತ ಬೆಂಚುಗಳನ್ನೇ ಹುಡುಕಿ ಕೂತು, ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡರು. ಮಿಸ್ ಥೇಯರ್ ತಮ್ಮ ಪುಟ್ಟ ಕಾರನ್ನು ಕೆಸರಿಗೆ ಒಪ್ಪಿಸಿ, ಹಾಲಿನ ಜಾರುಬಂಡಿಯಲ್ಲಿ ಡಬ್ಬಗಳ ನಡುವೆ ಬಂದಿಳಿದರು. ಒಳಗೆ ಬಂದು ಕನ್ನಡಕ ಒರೆಸಿ ಸುತ್ತ ನೋಡಿದರು.

"ಇಡೀ ಊರೇ ಬಂದಿದೆ," ಎಂದರು ಮೆಲ್ಲನೆ.

"ಯಾವಾಗ್ಲೂ ಬರ್ತಾರೆ," ಎಂದಿತು ಮೇಷ್ಟ್ರ ನಾಲಗೆ. ಅದಕ್ಕೆ ಇನ್ನೂ ಬುದ್ಧಿ ಬಂದಿರಲಿಲ್ಲ.

ಅವರು ಹಿಂದಿನ ಗೋಡೆಗೆ ಒರಗಿ ಕೈಕಟ್ಟಿ ನಿಂತರು. ಒಂದು ಕಡೆ ಭೂಪಟ, ಇನ್ನೊಂದು ಕಡೆ ಮಿಸ್ ಥೇಯರ್.

ಪಾದ್ರಿ ಪ್ರಾರ್ಥನೆ ಹೇಳಿದ ಮೇಲೆ ಥರ್ಜಾ ಅಧ್ಯಕ್ಷಳಾಗಿ ಆಯ್ಕೆಯಾದಳು. ಮೇಜು ಎತ್ತರವಾದ್ದರಿಂದ ಕೆಳಗೆ ದೊಡ್ಡ ಬೈಬಲ್ಲಿನ ಪೆಟ್ಟಿಗೆ ಇಟ್ಟು ಹತ್ತಿ ನಿಂತಳು. ಸುತ್ತಿಗೆ ಬಿತ್ತು. ಆ ಸದ್ದಿಗೆ ದೊಡ್ಡವರೆಲ್ಲ, ಯೋಚನೆಯೇ ಇಲ್ಲದೆ, ಟೋಪಿ ತೆಗೆದರು.

"ಯಾರಿಗೆ ಓಟಿದೆ ಅನ್ನೋದು ಮೊದ್ಲು ತೀರ್ಮಾನ ಆಗ್ಲಿ," ಎಂದ ಬ್ಯಾಸ್ಕಮ್ ಎದ್ದು.

"ಶಾಲೆಗೆ ಸೇರಿದೋರಿಗೆ ಅಂತ ನೋಟೀಸಲ್ಲಿದೆ," ಎಂದಳು ಥರ್ಜಾ. "ಈಗ ಓದ್ತಿರೋರು, ಮುಂಚೆ ಓದಿದೋರು, ಮನೆಯಿಂದ ಮಕ್ಕಳನ್ನ ಕಳಿಸೋರು, ಇಲ್ಲಿ ಕೆಲ್ಸ ಮಾಡೋರು, ಅವರ ಮನೇವ್ರು."

"ಮಗಳೇ, ಅತಿಥಿಗಳು?" ಎಂದ ಲೈಮನ್.

"ತಾತ, ಅಧ್ಯಕ್ಷರೇ ಅನ್ನಬೇಕು."

"ತಪ್ಪಾಯ್ತು. ಅಧ್ಯಕ್ಷರೇ."

"ಅತಿಥಿಗಳಿಗೆ ಓಟಿಲ್ಲ. ಕಡುಬಿದೆ."

ರಸ್ತೆಯ ವಿಷಯ ಬಂತು. ಅದು ಮಕ್ಕಳ ಆಟ ಎಂಬುದನ್ನು ಊರು ಮರೆತದ್ದು ಇಲ್ಲಿಯೇ. ಮೇಲಿನ ದಿಬ್ಬದವರು ಎದ್ದರು, ಕೆಳಗಿನ ದಿಬ್ಬದವರು ಎದ್ದರು. ಹೋದ ಕೆಸರುಗಾಲದಲ್ಲಿ ಯಾರ ಕುದುರೆ ಎಲ್ಲಿಯವರೆಗೆ ಹೂತಿತ್ತು ಎಂಬ ಹಳೆಯ ಸಂಗತಿಗಳೆಲ್ಲ ಹೊರಬಂದವು. ಎರಡೂ ದಿಬ್ಬ ಬಿಟ್ಟು ಶಾಲೆಯ ದಾರಿಯನ್ನೇ ಮೊದಲು ಸರಿಮಾಡಬೇಕೆಂದು ಆರಿ ಸೂಚಿಸಿದ, ಕೇಳಿದ್ದಕ್ಕೆ ಕಾರಣವನ್ನೂ ಕೊಟ್ಟ: "ನನ್ನ ಒಂದು ಬೂಟು ಅಲ್ಲೇ ಇದೆ." ಎದುರು ದಿಬ್ಬಕ್ಕೆ ಸಿಗದಿದ್ದರೆ ಸಾಕೆಂದು ಎರಡೂ ಕಡೆಯವರು ಒಪ್ಪಿದರು. ಗೊತ್ತುವಳಿ ಗೆದ್ದಿತು.

ಮಧ್ಯಾಹ್ನಕ್ಕೆ ಮುಂಚೆ ಲೆಕ್ಕ ಬೇಡವೆಂಬ ಗೊತ್ತುವಳಿಗೆ ಚರ್ಚೆಯೇ ನಡೆಯಲಿಲ್ಲ. ಮಕ್ಕಳಿಗಿಂತ ಜೋರಾಗಿ ಮುದುಕರು ಒಪ್ಪಿಗೆ ಎಂದರು. ಪೀಸ್ಲಿ ಅಜ್ಜಿ ಎದ್ದು, "ಇದು ನನ್ನ ಕಾಲದಲ್ಲೇ ಆಗಬೇಕಿತ್ತು," ಎಂದು ಹೇಳಿ ಕೂತಳು.

ಮೇಷ್ಟ್ರ ಬಾಯಿ ತೆರೆದುಕೊಂಡಿತು. ಬೆಳಗಿನ ಲೆಕ್ಕ ಹೋದರೆ ಇಡೀ ವೇಳಾಪಟ್ಟಿ ಹೋಯಿತು.

"ನೀವು ತಡೀಲೇ ಇಲ್ಲ," ಎಂದು ಮಿಸ್ ಥೇಯರ್ ಪಿಸುಗುಟ್ಟಿದರು. "ನಾನಾಗಿದ್ರೆ ತಡೀತಿದ್ದೆ. ಎಂಥಾ ಸಂಯಮ."

ಮೇಷ್ಟ್ರು ಬಾಯಿ ಮುಚ್ಚಿಕೊಂಡರು.

"ಕೊನೇ ವಿಷಯ," ಎಂದಳು ಥರ್ಜಾ. "ಆಜ್ರೋ ಪೆಟಿಂಗಿಲ್‌ರನ್ನ ಮೇಷ್ಟ್ರಾಗಿ ಮುಂದುವರಿಸಬೇಕು ಅಂತ ಗೊತ್ತುವಳಿ ಬಂದಿದೆ. ಮಾತಾಡೋರು?"

ಮಾತಾಡುವವರಿದ್ದರು. ಒಬ್ಬ ರೈತ ಎದ್ದು, ಮೇಷ್ಟ್ರು ಕೆಟ್ಟವರಲ್ಲ, ಆದರೆ ನದಿಗಳ ಹೆಸರು ಹೇಳಿಸುವಾಗ ತಾವೇ ತೂಕಡಿಸುತ್ತಾರೆ ಎಂದ. ಮಕ್ಕಳ ಕಡೆಯಿಂದ ಒಬ್ಬಳು ಎದ್ದು, ತೂಕಡಿಸಿದಾಗ ತಾವು ಯಾರೂ ಗಲಾಟೆ ಮಾಡುವುದಿಲ್ಲ, ಅವರನ್ನು ಎಬ್ಬಿಸಬಾರದೆಂದು ಎಲ್ಲರೂ ಸೇರಿ ಪುಸ್ತಕ ಓದುತ್ತೇವೆ ಎಂದಳು. ಇದು ಮೇಷ್ಟ್ರ ಪರವೋ ವಿರುದ್ಧವೋ ಎಂದು ಸಭೆ ಸ್ವಲ್ಪ ಹೊತ್ತು ಯೋಚಿಸಿತು.

"ಹೊಡೀತಾರಾ?" ಎಂದು ಕೇಳಿದ ಲೈಮನ್.

"ಹೊಡೆಯೋಕೆ ಕೋಲು ಎತ್ತುತಾರೆ," ಎಂದ ಆರಿ. "ಆಮೇಲೆ ಅದು ಯಾಕೆ ಎತ್ತಿದ್ದು ಅಂತ ಮರೀತಾರೆ."

ಮಿಸ್ ಥೇಯರ್ ಬರೆದುಕೊಳ್ಳುತ್ತಿದ್ದರು. ಪೆನ್ಸಿಲಿನ ಆ ಸದ್ದು ಮೇಷ್ಟ್ರಿಗೆ ಮರಕುಟಿಗ ತಮ್ಮ ನೆತ್ತಿಯನ್ನೇ ಕುಟ್ಟಿದಂತೆ ಕೇಳುತ್ತಿತ್ತು. ಬೆಳಗಿನಿಂದ ನಿಂತ ಕಾಲುಗಳು ಎಷ್ಟೋ ಹೊತ್ತಿನಿಂದ ಬೇರೆಯವರವಾಗಿದ್ದವು.

"ಎದ್ದು ನಿಂತು ಓಟು," ಎಂದಳು ಥರ್ಜಾ. "ಪರವಾಗಿರೋರು ಏಳಿ."

ಜನ ಎದ್ದರು. ಮೇಷ್ಟ್ರ ಕಣ್ಣು ಮೊದಲು ಹುಡುಕಿದ್ದು ಲವೈನಾಳನ್ನು. ಅವಳು ಕಡುಬಿನ ಮೇಜಿನ ಪಕ್ಕ ಕೂತಿದ್ದಳು. ಕೂತೇ ಇದ್ದಳು. ಇಬ್ಬರು ಹುಡುಗರು ಬೆರಳು ಚಾಚಿ ಎಣಿಸಿದರು.

"ವಿರುದ್ಧ ಇರೋರು ಏಳಿ."

ಲವೈನಾ ಎದ್ದಳು.

ಮೇಷ್ಟ್ರಿಗೆ ಭೂಪಟ ಗೋಡೆಯ ಮೇಲೆ ತಿರುಗಿದಂತಾಯಿತು. ಲವೈನಾಳ ಪಕ್ಕದಲ್ಲಿದ್ದ ಪೀಸ್ಲಿ ಅಜ್ಜಿಯೇ ಕೇಳಿಬಿಟ್ಟಳು: "ಲವೈನಾ, ನೀನಾ?"

"ಸ್ವಂತ ಗಂಡನಿಗೆ ಓಟು ಹಾಕಿದ್ಲು ಅಂತ ಊರು ಆಡ್ಕೋಬೇಕಾ?" ಎಂದಳು ಲವೈನಾ, ನೆಟ್ಟಗೆ ನಿಂತೇ. "ನಾನು ಅಂಥಾ ಮನೆಯಿಂದ ಬಂದೋಳಲ್ಲ."

ಸುತ್ತಲಿನ ಹೆಂಗಸರು ಅದು ಸರಿ ಎಂದು ತಲೆಯಾಡಿಸಿದರು. ಮರ್ಯಾದಸ್ಥರು ಮಾಡುವುದೇ ಹಾಗೆ. ಈ ಕಣಿವೆಯಲ್ಲಿ ಚುನಾವಣೆಗೆ ನಿಂತವನು ಸಹ ತನ್ನ ಓಟನ್ನು ಎದುರಾಳಿಗೆ ಹಾಕಿ ಬರುತ್ತಿದ್ದ. ಇಬ್ಬರೂ ಹಾಗೆಯೇ ಮಾಡುತ್ತಿದ್ದುದರಿಂದ ಲೆಕ್ಕ ಸರಿಹೋಗುತ್ತಿತ್ತು. ಇಲ್ಲಿ ಮೇಷ್ಟ್ರಿಗೆ ಎದುರಾಳಿಯೇ ಇರಲಿಲ್ಲವೆಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಎಣಿಸಿದ ಹುಡುಗರು ಥರ್ಜಾಳ ಕಿವಿಯಲ್ಲಿ ಏನೋ ಹೇಳಿದರು. ಅವಳು ಸಭೆಯನ್ನು ಒಮ್ಮೆ ತಾನೇ ಎಣಿಸಿದಳು. ಜಡೆಗಳು ಬಿಗಿಯಾದಂತೆ ಕಂಡವು.

"ಪರ ಮೂವತ್ತೊಂದು. ವಿರುದ್ಧ ಮೂವತ್ತೊಂದು. ಆದ್ರೆ ಓಟಿಲ್ಲದ ಅತಿಥಿ, ಅಧ್ಯಕ್ಷರನ್ನ ಬಿಟ್ಟು ಒಳಗಿರೋದು ಅರವತ್ತೊಂದೇ ಜನ." ಸುತ್ತಿಗೆಯನ್ನು ಮೆಲ್ಲನೆ ಕೆಳಗಿಟ್ಟಳು. "ಯಾರೋ ಎರಡು ಸಲ ಎದ್ದಿದ್ದಾರೆ."

ಆ ಊರಲ್ಲಿ ಕುದುರೆ ಕದ್ದವನನ್ನು ಕ್ಷಮಿಸಿದ ಉದಾಹರಣೆ ಇದೆ. ಎರಡು ಓಟು ಹಾಕಿದವನ ಉದಾಹರಣೆಯೇ ಇಲ್ಲ, ಏಕೆಂದರೆ ಅಂಥವನು ಇದುವರೆಗೆ ಹುಟ್ಟಿರಲಿಲ್ಲ. ನೆರೆಯವರು ನೆರೆಯವರನ್ನು ನೋಡಿದರು. ಗಂಡ ಹೆಂಡತಿಯಿಂದ ಸ್ವಲ್ಪ ಸರಿದು ಕೂತ.

"ಕೆಲವರಿಗೆ ವಯಸ್ಸಾಯ್ತು, ಎದ್ದದ್ದು ನೆನಪಿರಲ್ಲ," ಎಂದ ಬ್ಯಾಸ್ಕಮ್, ಪೀಸ್ಲಿ ಅಜ್ಜಿಯ ಕಡೆ ನೋಡದೆ.

"ಕೆಲವರಿಗೆ ಅಂಗಡಿ ಅಭ್ಯಾಸ, ಒಂದು ಕೊಟ್ಟು ಎರಡು ಅಂತ ಬರಕೋತಾರೆ," ಎಂದಳು ಅಜ್ಜಿ, ಅವನ ಕಡೆಯೇ ನೋಡುತ್ತ.

ಮೇಷ್ಟ್ರಿಗೂ ಕೋಪ ಬಂದಿತು. ತಮ್ಮ ಶಾಲೆಯಲ್ಲಿ, ಮೇಲ್ವಿಚಾರಕಿಯ ಎದುರಿನಲ್ಲಿ, ಇಂಥ ಅನ್ಯಾಯ. ಕುತ್ತಿಗೆ ಉದ್ದ ಮಾಡಿ, ಆ ನೀಚ ಯಾರೆಂದು ಅವರೂ ಸಾಲುಸಾಲಾಗಿ ಮುಖ ಹುಡುಕತೊಡಗಿದರು.

"ಮೇಷ್ಟ್ರು ಬೆಳಗಿಂದ ನಿಂತೇ ಇದ್ದಾರಲ್ಲ," ಎಂದ ಆರಿ.

ಅರವತ್ತು ತಲೆಗಳು ಹಿಂದಕ್ಕೆ ತಿರುಗಿದವು.

"ನಾನು… ನಾನು ಓಟು ಹಾಕ್ಲಿಲ್ಲ," ಎಂದರು ಮೇಷ್ಟ್ರು. "ನಾನು ಬರೀ ನಿಂತಿದ್ದೆ. ಅಡ್ಡ ಬರಬಾರದು ಅಂತ."

"ಎರಡೂ ಕಡೆ ಅಡ್ಡ ಬಂದಿದ್ದೀರಿ," ಎಂದಳು ಥರ್ಜಾ. "ನಿಮ್ಮನ್ನ ಬಿಟ್ರೆ ಮೂವತ್ತು, ಮೂವತ್ತು. ಸಮ ಬಂದ್ರೆ ಗೊತ್ತುವಳಿ ಬಿದ್ದ ಹಾಗೆ. ನಿಮಗೊಂದು ಓಟಿದೆ ಮೇಷ್ಟ್ರೇ. ಮತ್ತೆ ಎಣಿಸ್ತೀವಿ. ಒಂದು ಸಲ ನಿಂತಿರಿ, ಒಂದು ಸಲ ಕೂತ್ಕೊಳ್ಳಿ."

ಈಗ ಎಲ್ಲವೂ ಬೆಳಕಿನಷ್ಟು ಸ್ಪಷ್ಟವಾಗಿತ್ತು. ಪರ ಎಂದಾಗ ನಿಂತೇ ಇದ್ದರೆ ಕೆಲಸ ಉಳಿಯುತ್ತದೆ, ಮನೆ ಉಳಿಯುತ್ತದೆ. ಹೊಸದಾಗಿ ಮಾಡಬೇಕಾದದ್ದು ಏನೂ ಇಲ್ಲ; ಬೆಳಗಿನಿಂದ ಮಾಡಿದ್ದನ್ನೇ ಇನ್ನೊಂದು ನಿಮಿಷ ಮಾಡಿದರೆ ಸಾಕು. ಆದರೆ ಸ್ವಂತ ಹೆಂಡತಿಯೂ ಹಾಕದ ಓಟನ್ನು ತಮಗೆ ತಾವೇ ಹಾಕಿಕೊಂಡ ಮನುಷ್ಯ ಭಾನುವಾರ ಚರ್ಚಿನಲ್ಲಿ ಯಾವ ಬೆಂಚಿನಲ್ಲಿ ಕೂರುತ್ತಾನೆ? ಅಲ್ಲದೆ ಪಕ್ಕದಲ್ಲಿ ಪೆನ್ಸಿಲು ಕಾಯುತ್ತಿತ್ತು. ಮೇಷ್ಟ್ರು ಕಣ್ಣು ಮುಚ್ಚಿ ಸಣ್ಣದೊಂದು ಪ್ರಾರ್ಥನೆ ಮಾಡಿದರು. ಅದರಲ್ಲಿ ಇದು ಕೊಡು ಎಂದು ಏನನ್ನೂ ಕೇಳಲಿಲ್ಲ. ಏನು ಕೇಳಬೇಕೆಂಬುದೇ ತಿಳಿಯಲಿಲ್ಲ.

"ಪರವಾಗಿರೋರು ಏಳಿ."

ಮೂವತ್ತು ಜನ ಎದ್ದರು. ಮೇಷ್ಟ್ರು ಗೋಡೆಯಿಂದ ಬೆನ್ನು ಬಿಡಿಸಿಕೊಂಡು, ಎರಡು ಹೆಜ್ಜೆ ಇಟ್ಟು, ಆರಿಯ ಪಕ್ಕದ ಪುಟ್ಟ ಬೆಂಚಿನಲ್ಲಿ ಕೂತುಬಿಟ್ಟರು. ಕೂರಿಸಿದ್ದು ತತ್ವವೋ, ಮರ್ಯಾದೆಯೋ, ಮೊಣಕಾಲೋ ಎಂಬುದು ದೇವರೊಬ್ಬನಿಗೆ ಗೊತ್ತು. ಮೂರೂ ಸೇರಿದ್ದರೂ ಆಶ್ಚರ್ಯವಿಲ್ಲ.

"ವಿರುದ್ಧ ಇರೋರು ಏಳಿ."

ಮೂವತ್ತು ಜನ ಎದ್ದರು. ಮೇಷ್ಟ್ರೂ ಏಳಲು ನೋಡಿದರು, ನಿಯಮವೆಂದರೆ ನಿಯಮ. ಆದರೆ ತೊಡೆ ಮೇಜಿನಡಿ ಸಿಕ್ಕಿಕೊಂಡಿತ್ತು. ಆರಿ ಅವರ ತೋಳು ಹಿಡಿದು ಎಳೆದ. ಮೇಜು ಎದ್ದು ಬಂತು, ಮೇಷ್ಟ್ರು ಬರಲಿಲ್ಲ.

"ಮೂವತ್ತು, ಮೂವತ್ತು," ಎಂದಳು ಥರ್ಜಾ. ಅವಳ ದನಿ ಈಗ ಅಧ್ಯಕ್ಷರದಾಗಿ ಉಳಿದಿರಲಿಲ್ಲ. ಹನ್ನೊಂದರ ಹುಡುಗಿಯದೇ ಆಗಿತ್ತು. ಅವಳು ತಾತನ ಮುಖ ನೋಡಿದಳು. ತಾತ ನೆಲ ನೋಡುತ್ತಿದ್ದ. "ಗೊತ್ತುವಳಿ ಬಿದ್ದಿದೆ."

ಸುತ್ತಿಗೆ ಬಿತ್ತು, ಅರ್ಧ ಸದ್ದು ಮಾಡಿ.

ಗೆದ್ದವರ ಮುಖವೇ ಹೆಚ್ಚು ಕಪ್ಪಿಟ್ಟಿತ್ತು. ತಾವು ಮಾಡಿದ್ದೇನೆಂದು ಈಗಷ್ಟೇ ತಿಳಿದವರಂತೆ ಅವರು ಕೈಯ ಟೋಪಿಗಳನ್ನು ತಿರುವುತ್ತಿದ್ದರು. ಕೊನೆಗೆ ಬ್ಯಾಸ್ಕಮ್ ಕೆಮ್ಮಿ ಎದ್ದ.

"ಅಧ್ಯಕ್ಷರೇ, ಗೆದ್ದ ಕಡೆ ಓಟು ಹಾಕಿದೋನು ಮರುಪರಿಶೀಲನೆ ಕೇಳಬಹುದು. ನಾನು ಕೇಳ್ತಿದೀನಿ."

"ಕಾರಣ?"

"ಕಾರಣ ಹೇಳಬೇಕು ಅಂತ ನಿಯಮ ಇಲ್ಲ." ಟೋಪಿಯನ್ನು ಬೆಂಚಿನ ಮೇಲಿಟ್ಟ. "ಹೇಳ್ತೀನಿ. ಈ ಮನುಷ್ಯ ಹೇಗಿದ್ರೂ ಗೆಲ್ತಾನೆ ಅಂದ್ಕೊಂಡಿದ್ದೆ. ಆ ಊಟದ ದಿನ ಸ್ವಲ್ಪ ಜಾಸ್ತಿ ಮಾತಾಡಿದ್ರಲ್ಲ. ತಲೆ ತಿರುಗದ ಹಾಗೆ ಒಂದು ಓಟು ವಿರುದ್ಧ ಇರ್ಲಿ ಅಂತ ಹಾಕಿದೆ. ಮರು ಎಣಿಕೇಲಿ ತಮ್ಮ ಓಟು ತಾವೇ ಹಾಕ್ಕೋತಾರೆ ಅಂದ್ಕೊಂಡೆ."

"ನಾನೂ ಹಾಗೇ," ಎಂದ ಹಿಂದಿನ ಸಾಲಿನ ರೈತ.

"ನಾನೂ ಒಂದೇ ಒಂದು ಅಂತ," ಎಂದಳು ಪೀಸ್ಲಿ ಅಜ್ಜಿ.

ಲವೈನಾಳದು ಬಿಟ್ಟು ವಿರುದ್ಧದ ಓಟುಗಳೆಲ್ಲ ಹೀಗೆಯೇ ಒಂದೊಂದಾಗಿ, ಒಬ್ಬರಿಗೆ ಗೊತ್ತಿಲ್ಲದಂತೆ ಒಬ್ಬರು, ಮೇಷ್ಟ್ರ ಒಳಿತಿಗೆಂದೇ ಹಾಕಿದ್ದು ಹೊರಬಂತು. ಕುದುರೆಗೆ ಒಂದೇ ಒಂದು ಹುಲ್ಲುಕಡ್ಡಿ ಎಂದು ಊರೆಲ್ಲ ಹೇರಿ ಬೆನ್ನು ಮುರಿದಂತಾಗಿತ್ತು.

"ಕೂಗಿ ಓಟು," ಎಂದಳು ಥರ್ಜಾ, ದನಿ ಮರಳಿ ಸಿಕ್ಕಿ. "ಪರ?"

ಒಪ್ಪಿಗೆಯ ಕೂಗಿಗೆ ಛಾವಣಿಯಲ್ಲಿ ಉಳಿದಿದ್ದ ಹಿಮ ದಡಾರೆಂದು ಜಾರಿ ಕಿಟಕಿಯ ಹೊರಗೆ ಬಿತ್ತು.

"ವಿರುದ್ಧ?"

"ವಿರುದ್ಧ," ಎಂದಳು ಲವೈನಾ, ಒಬ್ಬಳೇ, ಸ್ಪಷ್ಟವಾಗಿ. ಹೇಳಿ ಕಡುಬು ಕತ್ತರಿಸತೊಡಗಿದಳು. ಮೊದಲ ತುಂಡು ಎಲ್ಲಕ್ಕಿಂತ ದೊಡ್ಡದಾಗಿದ್ದುದನ್ನು ಮೇಷ್ಟ್ರು ಮಾತ್ರ ಕಂಡರು.

ಮಿಸ್ ಥೇಯರ್ ಬೆಂಚಿನ ಬಳಿ ಬಂದು ನಿಂತರು. ಮೇಷ್ಟ್ರು ಏಳಲು ಹೆಣಗಿದರು, ಮೇಜು ಒಪ್ಪಲಿಲ್ಲ.

"ಏಳಬೇಡಿ," ಎಂದರು ಆಕೆ. ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ವರ್ಷ ಈ ತತ್ವವನ್ನ ಊರೂರಿಗೆ ಹೇಳ್ತಾ ಬಂದೆ. ಸ್ವಂತ ಕೆಲ್ಸ ಹೋಗ್ತಿರೋವಾಗ್ಲೂ ಅಡ್ಡ ಬರದೆ, ಮಕ್ಕಳ ಬೆಂಚಲ್ಲಿ ಹೋಗಿ ಕೂತೋರನ್ನ ನೋಡಿರ್ಲಿಲ್ಲ. ನಂಗೆ ಆಗ್ತಿರ್ಲಿಲ್ಲ. ಈ ಶಾಲೆ ಮುಚ್ಚೋ ಮಾತಿಲ್ಲ."

ಇದು ಹೀಗಲ್ಲ ಮೇಡಂ ಎಂದು ಹೇಳಲು ಮೇಷ್ಟ್ರು ಬಾಯಿ ತೆರೆದರು. ಲವೈನಾ ಅದರೊಳಗೆ ಕಡುಬಿನ ದೊಡ್ಡದೊಂದು ತುಂಡು ಇಟ್ಟಳು.

ಆದರೂ ಭಾನುವಾರವೆಲ್ಲ ಅವರಿಗೆ ನೆಮ್ಮದಿಯಿರಲಿಲ್ಲ. ಮಕ್ಕಳ ಸಭೆ ಏನೇ ಆಗಲಿ, ನಿಜವಾದ ಊರ ಸಭೆ ಇನ್ನೂ ಬಾಕಿಯಿತ್ತು. ಅಲ್ಲಿ ಮತ್ತೆ ಓಟು, ಮತ್ತೆ ಎಣಿಕೆ. ಈ ಸಲ ಎಷ್ಟು ಜನ ತಮ್ಮ ತಲೆ ತಿರುಗದಿರಲೆಂದು ಕಾಳಜಿ ವಹಿಸುತ್ತಾರೋ ಎಂಬ ಭಯದಲ್ಲಿ ಸೋಮವಾರ ಊಟ ಸೇರಲಿಲ್ಲ.

ಮಂಗಳವಾರ ಲೈಮನ್ ತನ್ನ ಸುತ್ತಿಗೆಯನ್ನು ಮೊಮ್ಮಗಳಿಂದ ಮರಳಿ ಪಡೆದು ವೇದಿಕೆ ಹತ್ತಿದ. ತೆರಿಗೆ ಮುಗಿಯಿತು. ಸ್ಮಶಾನದ ಬೇಲಿ ಮುಗಿಯಿತು. "ಮುಂದಿನ ವಿಷಯ, ಹಿಮ ಕರಗಿದ ಮೇಲೆ ರಸ್ತೆ," ಎಂದು ಓದಿ, "ಅದು ಶುಕ್ರವಾರ ಆಗಿದೆ, ಶಾಲೆ ದಾರಿ ಮೊದ್ಲು," ಎಂದ. ಊರು ತಲೆಯಾಡಿಸಿತು. "ಮುಂದಿನ ವಿಷಯ, ಶಾಲಾ ಮೇಷ್ಟ್ರು. ಅದೂ ಶುಕ್ರವಾರ ಆಗಿದೆ. ಮುಂದಿನದು, ಬೀದಿನಾಯಿ."

ಮೇಷ್ಟ್ರ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಆದರೆ ಪ್ರಾಮಾಣಿಕ ಮನುಷ್ಯ. ಕಲ್ಲು ಇಳಿದ ಜಾಗದಲ್ಲಿ ಮನಸ್ಸಾಕ್ಷಿ ಎದ್ದು ಕೂತಿತು. ಅವರು ಎದ್ದು ನಿಂತರು.

"ಅಧ್ಯಕ್ಷರೇ, ನಾನು ಒಂದು ಮಾತು ಹೇಳಬೇಕು. ಶುಕ್ರವಾರದ್ದು ನಿಜ ಹೇಳಬೇಕಂದ್ರೆ ಬರೀ ಪಾಠ—"

ಸುತ್ತಿಗೆ ಬಿತ್ತು.

"ಮೇಷ್ಟ್ರೇ," ಎಂದ ಲೈಮನ್, "ಬೀದಿನಾಯಿ ವಿಚಾರ ನಡೀತಿದೆ. ನಿಂತ್ರೆ ಎಣಿಸ್ತೀವಿ. ಕೂತ್ಕೊಳ್ಳಿ."

ಮೇಷ್ಟ್ರು ಕೂತರು.